ಫ್ಲೈ ದಾರದ ತೂಕ ಮತ್ತು ಕೋಲಿನ ಹೊಂದಾಣಿಕೆ (ಬಾಸ್ ಮೀನುಗಾರಿಕೆ)

ಫ್ಲೈ ದಾರದ ತೂಕ ಎಂಬುದು ಫ್ಲೈ ಮೀನುಗಾರಿಕೆಯಲ್ಲಿ ಬಳಸುವ ದಾರದ ಮುಂಭಾಗದ ಭಾರವನ್ನು ಸೂಚಿಸುವ ಸಂಖ್ಯೆಯಾಗಿದೆ. ಉತ್ತರ ಅಮೆರಿಕ ಮೂಲದ ಸಿಹಿನೀರಿನ ಮೀನಾದ ಬಾಸ್ ಹಿಡಿಯಲು ಸಾಮಾನ್ಯವಾಗಿ 6ರಿಂದ 9ರವರೆಗಿನ ಸಂಖ್ಯೆಯ ದಾರ ಮತ್ತು ಅದಕ್ಕೆ ಹೊಂದುವ ಕೋಲನ್ನು ಬಳಸಲಾಗುತ್ತದೆ.

ಹಿನ್ನೆಲೆ

ಸಾಮಾನ್ಯ ಗಾಳದಲ್ಲಿ ಎರೆಯ ಭಾರವು ದಾರವನ್ನು ಎಳೆದೊಯ್ಯುತ್ತದೆ. ಗರಿ, ಕೂದಲುಗಳಿಂದ ಕಟ್ಟಿದ ಕೃತಕ ಕೀಟವಾದ ಫ್ಲೈ ಬಹಳ ಹಗುರವಾಗಿರುವುದರಿಂದ ದಾರದ ಭಾರವೇ ಅದನ್ನು ಒಯ್ಯಬೇಕಾಗುತ್ತದೆ. ಬೀಸುವಾಗ ಈ ಭಾರಕ್ಕೆ ಕೋಲು ಬಾಗಿ, ನೆಟ್ಟಗಾಗುತ್ತಾ ದಾರವನ್ನು ಮುಂದಕ್ಕೆ ಎಸೆಯುತ್ತದೆ. ದಾರ ತೀರಾ ಹಗುರವಾದರೆ ಕೋಲು ಸಾಕಷ್ಟು ಬಾಗುವುದಿಲ್ಲ. ತೀರಾ ಭಾರವಾದರೆ ಅತಿಯಾಗಿ ಬಾಗಿ ಹಿಡಿತ ತಪ್ಪುತ್ತದೆ.

ಅಳತೆಯ ಕ್ರಮ

ರೇಷ್ಮೆ ದಾರಗಳ ಕಾಲದಲ್ಲಿ ದಾರದ ದಪ್ಪವನ್ನು ಅಕ್ಷರಗಳಿಂದ ಸೂಚಿಸಲಾಗುತ್ತಿತ್ತು. ಕೃತಕ ವಸ್ತುಗಳ ದಾರಗಳು ಬಂದ ಮೇಲೆ ಒಂದೇ ದಪ್ಪದ ದಾರಗಳ ತೂಕ ಬೇರೆ ಬೇರೆಯಾಗತೊಡಗಿದ್ದರಿಂದ ಅಮೆರಿಕದ ಮೀನುಗಾರಿಕಾ ಸಲಕರಣೆ ತಯಾರಕರ ಸಂಘವು ತೂಕ ಆಧಾರಿತ ಮಾನದಂಡವನ್ನು ರೂಪಿಸಿತು. ಇದರಲ್ಲಿ ದಾರದ ಮೊದಲ 30 ಅಡಿಗಳನ್ನು (ಸುಮಾರು 9.1 ಮೀಟರ್) ಗ್ರೇನ್ ಎಂಬ ಮಾನದಲ್ಲಿ ತೂಗಲಾಗುತ್ತದೆ.

* 6ನೇ ಸಂಖ್ಯೆ: 160 ಗ್ರೇನ್ (ಸುಮಾರು 10.4 ಗ್ರಾಂ)
* 7ನೇ ಸಂಖ್ಯೆ: 185 ಗ್ರೇನ್ (ಸುಮಾರು 12 ಗ್ರಾಂ)
* 8ನೇ ಸಂಖ್ಯೆ: 210 ಗ್ರೇನ್ (ಸುಮಾರು 13.6 ಗ್ರಾಂ)
* 9ನೇ ಸಂಖ್ಯೆ: 240 ಗ್ರೇನ್ (ಸುಮಾರು 15.6 ಗ್ರಾಂ)

ಬಾಸ್ ಮೀನಿಗೆ ಆಯ್ಕೆ

ಬಾಸ್ ಮೀನಿಗೆ ಬಳಸುವ ಫ್ಲೈಗಳು ದೊಡ್ಡವು. ಜಿಂಕೆಯ ಕೂದಲು ಅಥವಾ ಬೆಂಡಿನಿಂದ ಮಾಡಿದ, ನೀರಿನ ಮೇಲೆ ತೇಲುವ ಪಾಪರ್‌ಗಳು ಗಾಳಿಯನ್ನು ಹೆಚ್ಚು ತಡೆಯುತ್ತವೆ. ಆದ್ದರಿಂದ ಆಯ್ಕೆಯನ್ನು ಮೀನಿನ ಗಾತ್ರಕ್ಕಿಂತ ಮುಖ್ಯವಾಗಿ ಫ್ಲೈಯ ಗಾತ್ರವೇ ನಿರ್ಧರಿಸುತ್ತದೆ. ನದಿಗಳ ಸ್ಮಾಲ್‌ಮೌತ್ ಬಾಸ್‌ಗೆ 6 ಅಥವಾ 7, ಜೊಂಡು ಮತ್ತು ಮುಳುಗಿದ ಮರಗಳ ನಡುವೆ ಅಡಗುವ ಲಾರ್ಜ್‌ಮೌತ್ ಬಾಸ್‌ಗೆ 8 ಅಥವಾ 9 ರೂಢಿಯಲ್ಲಿದೆ. ಭಾರದ ಕೋಲು ಮೀನನ್ನು ಜೊಂಡಿನಿಂದ ಬೇಗ ಹೊರಗೆಳೆಯಲು ನೆರವಾಗುತ್ತದೆ. ಹಿಡಿದು ಬಿಡುವ ಮೀನಿಗೆ ಇದರಿಂದ ಆಯಾಸ ಕಡಿಮೆ.

ದಾರದ ಮೇಲಿನ 'ಡಬ್ಲ್ಯೂಎಫ್-8-ಎಫ್' ಎಂಬ ಗುರುತು ಮುಂಭಾಗದಲ್ಲಿ ಭಾರವುಳ್ಳ, 8ನೇ ಸಂಖ್ಯೆಯ, ತೇಲುವ ದಾರವೆಂದು ತಿಳಿಸುತ್ತದೆ. ಬಾಸ್‌ಗಾಗಿಯೇ ತಯಾರಾಗುವ ದಾರಗಳಲ್ಲಿ ಈ ಭಾರವು ಮುಂದಿನ ಗಿಡ್ಡ ಭಾಗದಲ್ಲಿ ಕೇಂದ್ರೀಕೃತವಾಗಿರುತ್ತದೆ.

ಸಂಖ್ಯೆಗಳ ಮಿತಿ

ದಾರದ ಸಂಖ್ಯೆ ತೂಗಿ ನೋಡಬಹುದಾದ ಅಳತೆ. ಕೋಲಿನ ಮೇಲಿನ ಸಂಖ್ಯೆಯಾದರೋ ಅದಕ್ಕೆ ಯಾವ ದಾರ ಹೊಂದುತ್ತದೆ ಎಂಬ ತಯಾರಕರ ಅಭಿಪ್ರಾಯ. ಹೀಗಾಗಿ ಒಂದೇ ಸಂಖ್ಯೆಯ ಎರಡು ಕೋಲುಗಳ ಬಿಗಿತ ಭಿನ್ನವಾಗಿರಬಹುದು. ಬಿಗಿಯಾದ ಕೋಲಿನಿಂದ 30 ಅಡಿಗಿಂತ ಹತ್ತಿರಕ್ಕೆ ಎಸೆಯುವಾಗ ಹೊರಗಿರುವ ದಾರದ ಭಾರ ಸಾಲದಿರುವುದರಿಂದ ಒಂದು ಸಂಖ್ಯೆ ಹೆಚ್ಚಿನ ದಾರವನ್ನು ಬಳಸುವುದುಂಟು. ಆದರೆ ಕೆಲವು ಆಧುನಿಕ ದಾರಗಳು ತಮ್ಮ ಸಂಖ್ಯೆಯ ಮಾನದಂಡಕ್ಕಿಂತ ಮೊದಲೇ ಭಾರವಾಗಿರುತ್ತವೆ. ಆದ್ದರಿಂದ ಪೆಟ್ಟಿಗೆಯ ಮೇಲಿನ ಗ್ರೇನ್ ತೂಕವನ್ನು ಪರಿಶೀಲಿಸುವುದು ಸಂಖ್ಯೆಯನ್ನಷ್ಟೇ ನೋಡುವುದಕ್ಕಿಂತ ಹೆಚ್ಚು ವಿಶ್ವಾಸಾರ್ಹ.