ಡಾಕ್ಟರ ಚೀಟಿ, ಕಂಪನಿಯ ಕಣ್ಣು

ಮಗುವಿಗೆ ಜ್ವರ. ಡಾಕ್ಟರ ಬಾಗಿಲಲ್ಲಿ ಬೆಂಚಿನ ಮೇಲೆ ಕಾದು ಕೂತಿದ್ದೀರಿ. ಅಷ್ಟರಲ್ಲಿ ದೊಡ್ಡ ಚೀಲ ಹಿಡಿದ ಒಬ್ಬರು ಬರುತ್ತಾರೆ. ಇಸ್ತ್ರಿ ಅಂಗಿ, ಕಾಲಿಗೆ ಬೂಟು. ಸೀದಾ ಒಳಗೆ ಹೋಗುತ್ತಾರೆ. ಇವರಿಗೇನು ಕಾಯಿಲೆ ಅಂತ ನಿಮಗೆ ಅನಿಸಿರಬಹುದು. ಕಾಯಿಲೆ ಇಲ್ಲ, ಅಕ್ಕ. ಅವರು ಔಷಧ ಕಂಪನಿಯವರು. ಜನ 'ಮೆಡಿಕಲ್ ರೆಪ್' ಅಂತಾರೆ.

ಸಂತೆಯಲ್ಲಿ ಬದನೆಕಾಯಿ ಆರಿಸುವವರು ನೀವು. ದುಡ್ಡು ಕೊಡುವವರೂ ನೀವೇ. ಔಷಧ ಹಾಗಲ್ಲ. ಆರಿಸುವವರು ಡಾಕ್ಟರು, ದುಡ್ಡು ಕೊಡುವವರು ನಾವು. ಅದಕ್ಕೇ ಕಂಪನಿ ಡಾಕ್ಟರ ಬಾಗಿಲಿಗೆ ಹೋಗುತ್ತದೆ.

ಜ್ವರದ ಔಷಧದ ಹೆಸರು ಪ್ಯಾರಾಸಿಟಮಾಲ್. ಒಂದು ಕಂಪನಿ ಅದನ್ನು ಕ್ರೋಸಿನ್ ಅನ್ನುತ್ತದೆ, ಇನ್ನೊಂದು ಡೋಲೋ ಅನ್ನುತ್ತದೆ. ಒಳಗಿನ ಮದ್ದು ಒಂದೇ. ಡಾಕ್ಟರು ಯಾವ ಹೆಸರು ಬರೆದರೋ ಆ ಕಂಪನಿಗೆ ವ್ಯಾಪಾರ.

ಡಾಕ್ಟರು ಏನು ಬರೆದರು ಅಂತ ಕಂಪನಿಗೆ ಹೇಗೆ ಗೊತ್ತಾಗುತ್ತೆ? ರೆಪ್ ಪಕ್ಕದ ಮೆಡಿಕಲ್ ಶಾಪಿಗೆ ಹೋಗುತ್ತಾರೆ. ಈ ಡಾಕ್ಟರ ಚೀಟಿಯಲ್ಲಿ ನಮ್ಮ ಔಷಧ ಎಷ್ಟು ಬಂತು, ಬೇರೆಯವರದು ಎಷ್ಟು ಅಂತ ಕೇಳಿ ಬರೆದುಕೊಳ್ಳುತ್ತಾರೆ. ಹಾಲಿನ ಡೇರಿಯಲ್ಲಿ ಯಾರ ಮನೆಯ ಹಾಲು ಎಷ್ಟು ಅಂತ ಬರೆದಿಡ್ತಾರಲ್ಲ, ಹಾಗೆ. ಹೆಚ್ಚು ಬರೆಯುವ ಡಾಕ್ಟರಿಗೆ ಹೆಚ್ಚು ಉಪಚಾರ. ಪಾಪ, ರೆಪ್ಪಿಗೂ ತಿಂಗಳಿಗೆ ಇಷ್ಟು ಮಾರಲೇಬೇಕು ಅಂತ ಇರುತ್ತೆ.

ಉಪಚಾರ ಅಂದರೆ ಏನು? ಪೆನ್ನು, ಕ್ಯಾಲೆಂಡರ್ ಅಷ್ಟೇ ಅಲ್ಲ. ಝಿಂಕೋವಿಟ್ ಎಂಬ ಶಕ್ತಿ ಮಾತ್ರೆಯ ಪ್ರಚಾರಕ್ಕೆ ಕಂಪನಿಯೊಂದು ಡಾಕ್ಟರುಗಳಿಗೆ ಚಿನ್ನದ ನಾಣ್ಯ, ಟೀವಿ, ಫ್ರಿಜ್ ಕೊಟ್ಟಿತ್ತು. ಆ ಖರ್ಚಿಗೆ ತೆರಿಗೆ ವಿನಾಯಿತಿಯನ್ನೂ ಕೇಳಿತು! 2022ರಲ್ಲಿ ಸುಪ್ರೀಂ ಕೋರ್ಟು ಆಗದು ಅಂದಿತು. ಉಡುಗೊರೆಯ ಖರ್ಚು ಔಷಧದ ಬೆಲೆಯಲ್ಲೇ ಸೇರುತ್ತದೆ ಎಂದೂ ಹೇಳಿತು. ಅಂದರೆ ಆ ಫ್ರಿಜ್ಜಿಗೆ ದುಡ್ಡು ಕೊಟ್ಟವರು ರೋಗಿಗಳು.

ಡಾಕ್ಟರು ಉಡುಗೊರೆ ತಗೋಬಾರದು ಅಂತ 2009ರಲ್ಲೇ ನಿಯಮ ಬಂತು. ಕಂಪನಿಗಳು ಕೊಡಬಾರದು ಅಂತ 2024ರಲ್ಲಿ ಸರ್ಕಾರ ನೀತಿ ಸಂಹಿತೆ ತಂದಿತು. ಎಲ್ಲ ಡಾಕ್ಟರೂ ಇಂಥವರಲ್ಲ, ಅದನ್ನೂ ಹೇಳಬೇಕು.

ನಾವು ಬಾಯಿಬಿಟ್ಟು ಕೇಳಬಹುದು. "ಡಾಕ್ಟ್ರೇ, ಈ ಟಾನಿಕ್ ಬೇಕೇ ಬೇಕಾ? ಇದೇ ಔಷಧ ಕಡಿಮೆ ಬೆಲೆಗೆ ಸಿಗುತ್ತಾ?" ಜನೌಷಧಿ ಅಂಗಡಿಯಲ್ಲಿ ಔಷಧದ ಮೂಲ ಹೆಸರಿನಲ್ಲೇ ಮಾರುತ್ತಾರೆ, ಬೆಲೆಯೂ ಕಡಿಮೆ. ಆದರೆ ಡಾಕ್ಟರನ್ನು ಕೇಳದೆ ಮಾತ್ರೆ ಬಿಡಬೇಡಿ, ಬದಲಿಸಲೂಬೇಡಿ.

ಪ್ಯಾಕೆಟ್ಟಿನ ಮೇಲಿನ ಹೆಸರು ಇಂಗ್ಲಿಷಿನಲ್ಲಿ ಇರುತ್ತೆ. ಅದನ್ನು ಮಗಳ ಕೈಲಿ ಓದಿಸಿ. ಬೆಲೆಯ ಅಂಕಿ ನೀವೇ ಓದಬಲ್ಲಿರಿ.