ಸಹೋದ್ಯೋಗಿ ಉಪವಾಸದಲ್ಲಿದ್ದಾಗ

ಪಕ್ಕದ ಸೀಟಿನವರು ರಂಜಾನ್ ಉಪವಾಸ ಮಾಡ್ತಿದ್ದಾರಾ? ಹಾಗಾದ್ರೆ ದೊಡ್ಡ ಮೀಟಿಂಗನ್ನು ಸಂಜೆ ನಾಲ್ಕಕ್ಕೆ ಇಡಬೇಡಿ.

ಯಾಕೆ ಅಂದ್ರೆ, ಅವರು ನಸುಕಿಗೆ ಮೊದಲೇ ಎದ್ದು ಸಹರಿ ಊಟ ಮುಗಿಸಿರ್ತಾರೆ. ಆಮೇಲೆ ಸೂರ್ಯ ಮುಳುಗುವವರೆಗೆ ಊಟವಿಲ್ಲ, ಗುಟುಕು ನೀರೂ ಇಲ್ಲ. ಬೆಂಗಳೂರಿನ ಮಾರ್ಚ್‌ನಲ್ಲಿ ಇದು ಸುಮಾರು 13 ಗಂಟೆ. ರಾತ್ರಿ ತರಾವೀಹ್ ನಮಾಜ್ ಇದ್ದರೆ ನಿದ್ದೆಯೂ ಕಮ್ಮಿ.

ಹಾಗಾಗಿ ತಲೆ ಓಡಿಸುವ ಕೆಲಸ ಬೆಳಿಗ್ಗೆಗೆ ಇರಲಿ. ಬಿಸಿಲಲ್ಲಿ ಭಾರ ಹೊರುವ ಕೆಲಸವಾದ್ರೆ ಪಾಳಿ ಬದಲಿಸಿಕೊಳ್ಳಿ. ಉಪವಾಸ ಬಿಡುವ ಇಫ್ತಾರ್ ಹೊತ್ತಿಗೆ ಅವರು ಶಿಫ್ಟ್‌ನಲ್ಲೇ ಇದ್ದರೆ, ಖರ್ಜೂರ ತಿಂದು, ನೀರು ಕುಡಿದು, ನಮಾಜ್ ಮಾಡಿ ಬರಲಿ. ಅಷ್ಟು ಹೊತ್ತು ಅವರ ಫೋನ್ ನೀವು ಎತ್ತಿ.

"ನೀರಾದ್ರೂ ಕುಡೀರಿ, ಯಾರೂ ನೋಡಲ್ಲ" ಅನ್ನಬೇಡಿ. "ಇವತ್ತು ಯಾಕೆ ಉಪವಾಸ ಇಲ್ಲ?" ಅಂತಲೂ ಕೇಳಬೇಡಿ. ಕಾಯಿಲೆ, ಮುಟ್ಟು, ಬಸಿರು, ಪ್ರಯಾಣ ಇವಕ್ಕೆಲ್ಲ ವಿನಾಯಿತಿ ಇದೆ. ಅದನ್ನು ನಿಮಗೆ ವಿವರಿಸಬೇಕಾದ ಹಂಗು ಅವರಿಗಿಲ್ಲ.

ಮ್ಯಾನೇಜರುಗಳೇ, ಈದ್ ನಿಗದಿಯಾಗೋದು ಚಂದ್ರ ಕಂಡ ಮೇಲೆ. ರಜೆ ಒಂದು ದಿನ ಹಿಂದೆ ಮುಂದೆ ಆದ್ರೆ ಸಲೀಸಾಗಿ ಒಪ್ಪಿ.

ಏಕಾದಶಿ ಉಪವಾಸ ಮಾಡುವವರ ಬಗ್ಗೆಯೂ ಇದೇ ಕಾಳಜಿ ಇರಲಿ. ಪರ್ಯುಷಣದಲ್ಲಿ ಉಪವಾಸ ಮಾಡುವ ಎಷ್ಟೋ ಜೈನರು ಕುಡಿಯೋದು ಕಾಯಿಸಿದ ನೀರು ಮಾತ್ರ, ಅದೂ ಹಗಲಲ್ಲಿ. ಪ್ಯಾಂಟ್ರಿಯಲ್ಲಿ ಅದಕ್ಕೊಂದು ಕೆಟಲ್ ಇಡಿಸಿ.

ನಿಮ್ಮ ಊಟದ ಡಬ್ಬಿ ನೀವು ಬಚ್ಚಿಟ್ಟು ತಿನ್ನಬೇಕಿಲ್ಲ. "ನಿಮಗೆ ಯಾವ ಹೊತ್ತು ಅನುಕೂಲ?" ಅಂತ ಉಪವಾಸದಲ್ಲಿರುವ ಸಹೋದ್ಯೋಗಿಯನ್ನು ಇವತ್ತೇ ಒಮ್ಮೆ ಕೇಳಿ. ಅವರು ಹೇಳಿದ ಹಾಗೆ ಕ್ಯಾಲೆಂಡರ್ ಬದಲಿಸಿ.