ಹಳೇ ಯೆಜ್ಡಿಗೆ ಹೊಸ ವೇಷ: ಗರಗಸಕ್ಕೆ ಮೊದಲು ಆರ್.ಸಿ. ತೆಗೀರಿ!

ಮಾಕವಳ್ಳಿಯ ಯಾವುದೋ ಕೊಟ್ಟಿಗೆ ಮೂಲೆಯಲ್ಲಿ ಗೋಣಿಚೀಲ ಹೊದ್ದು ತಾತನ ಕಾಲದ ಯೆಜ್ಡಿಯೊಂದು ಮಲಗಿದೆ ಎನ್ನಿ. ಮೊಮ್ಮಗನ ಕಣ್ಣು ಬಿತ್ತು. "ಹಿಂದ್ಲು ಮಡ್‌ಗಾರ್ಡ್ ಕೊಯ್ದು, ಸೈಲೆನ್ಸರ್ ಮೊಟಕು ಮಾಡುಸ್ಬುಟ್ರೆ ಹೆಂಗಿರ್ತದೆ ನೋಡ್ ತಾತ!" ಅಂತಾನೆ. ತಾತನ ಎದೆ ಧಸಕ್ಕೆನ್ನುತ್ತದೆ.

ಎನ್ನದೆ ಇದ್ದೀತೆ? ಗಾಡಿ ನಮ್ಮ ಮೈಸೂರಿಂದು ಸ್ವಾಮಿ! ಅಲ್ಲಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಚೆಕ್ ದೇಶದ ಪರವಾನಗಿಯಲ್ಲಿ ಜಾವಾ ತಯಾರಿಸಿತು. ಎಪ್ಪತ್ತರ ದಶಕದಲ್ಲಿ ಹೆಸರು ಯೆಜ್ಡಿ ಆಯಿತು. 1996ರಲ್ಲಿ ಬಾಗಿಲು ಬಿತ್ತು. 2022ರಲ್ಲಿ ಅದೇ ಹೆಸರಿನ ಹೊಸ ಗಾಡಿ ಬಂತು, ನಿಜ. ಆದರೆ ಅದು ಫೋರ್ ಸ್ಟ್ರೋಕು. ಕಿಕ್ಕರನ್ನೇ ಮಡಚಿ ಗೇರ್ ಹಾಕುವ ಮಜಾ ಅದರಲ್ಲೆಲ್ಲಿ?

ಈಗ ಮೊಮ್ಮಗನ ಪ್ಲಾನು ನೋಡೋಣ. ಯೆಜ್ಡಿಯ ಚೈನು ಪೂರ್ತಿ ಡಬ್ಬಿಯೊಳಗಿದೆ. ಕಬ್ಬಿನ ಗದ್ದೆಯ ಕೆಸರು ತಾಗದಿರಲಿ ಅಂತಲೇ ಮಾಡಿದಂತಿದೆ. ಚೆಂದಕ್ಕೆ ಡಬ್ಬಿ ಕಿತ್ತರೆ ಕೆಸರೂ ಸೇರುತ್ತೆ, ಪಂಚೆ ಅಂಚೂ ಸೇರುತ್ತೆ. ಸೈಲೆನ್ಸರಿನದು ಇನ್ನೂ ಸೂಕ್ಷ್ಮ. ಈ ಟೂ ಸ್ಟ್ರೋಕ್ ಎಂಜಿನ್ನಿಗೆ ವಾಲ್ವ್ ಇಲ್ಲ. ಒಳಗೆ ಬಂದ ಹೊಸ ಪೆಟ್ರೋಲ್ ಆವಿ ಹೊಗೆ ಜತೆ ಆಚೆ ಓಡಿಹೋಗದಂತೆ ತಡೆಯುವುದು ಸೈಲೆನ್ಸರ್ ಕೊಳವೆಯೊಳಗೆ ಹಿಂದಿರುಗುವ ಒತ್ತಡದ ಅಲೆ. ಅಳತೆ ಕೆಡಿಸಿದಿರೋ, ಸದ್ದು ಮೇಲೆ, ಪಿಕಪ್ ಕೆಳಗೆ! ಪೆಟ್ರೋಲೂ ದಂಡ. ಮೆಕ್ಯಾನಿಕ್ಕಿಗೆ ಇದು ಗೊತ್ತು, ಗಿರಾಕಿ ಕೇಳಬೇಕಲ್ಲ.

ಕಾನೂನೂ ಉಂಟು. ಮೋಟಾರು ವಾಹನ ಕಾಯಿದೆಯ 52ನೇ ಕಲಮಿನಂತೆ, ಕಂಪನಿ ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿ ಬದಲಿಸುವ ಹಾಗಿಲ್ಲ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಬಣ್ಣ ಬದಲಿಸಬಹುದು, ಆರ್.ಸಿ.ಯಲ್ಲಿ ನಮೂದಾಗಬೇಕು. ಅದೇ ವರ್ಷದ ತಿದ್ದುಪಡಿಯಂತೆ ತಪ್ಪಿದವರಿಗೆ ಮಾರ್ಪಾಡು ಒಂದಕ್ಕೆ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. 15 ವರ್ಷ ದಾಟಿದ ಗಾಡಿಯನ್ನು 5 ವರ್ಷಕ್ಕೊಮ್ಮೆ ಆರ್‌ಟಿಓ ಮುಂದೆ ನಿಲ್ಲಿಸಿ ನೋಂದಣಿ ನವೀಕರಿಸಬೇಕು. ಕೊಯ್ದು ಬೆಸುಗೆ ಹಾಕಿದ ಫ್ರೇಮು ಅಲ್ಲಿ ಸಿಕ್ಕಿಬಿತ್ತೋ, ತಾತನ ಗಾಡಿ ಗುಜರಿ ಪಾಲು.

ಹಾಗಾದ್ರೆ ಏನೂ ಮಾಡಬಾರದೇ? ಧಾರಾಳವಾಗಿ ಮಾಡಿ. ಮೊದಲ ದುಡ್ಡು ಬ್ರೇಕಿಗೆ. ಕಬ್ಬು ಅರೆಯುವ ಕಾಲದಲ್ಲಿ ಮಾಕವಳ್ಳಿ ಸಕ್ಕರೆ ಕಾರ್ಖಾನೆ ಕಡೆ ರಾತ್ರಿ ಹೋದವರಿಗೆ, ಲೈಟಿಲ್ಲದ ಟ್ರ್ಯಾಕ್ಟರ್ ಟ್ರೈಲರ್ ಎದುರಾದರೆ ಡ್ರಮ್ ಬ್ರೇಕು ಎಷ್ಟು ಹಿಡಿಯಬೇಕೆಂಬುದು ಗೊತ್ತು. ಆಮೇಲೆ ಸಿಲಿಂಡರ್ ರೀಬೋರು, ಹೊಸ ವೈರಿಂಗು, ಹೆಡ್‌ಲೈಟು. ಸೀಟು, ಹ್ಯಾಂಡಲ್ಲು ನಟ್ಟು ಬೋಲ್ಟಿನಲ್ಲೇ ಕೂರಲಿ, ಬೇಕೆಂದಾಗ ಬಿಚ್ಚಿ ಹಳೆಯದನ್ನೇ ಕೂರಿಸಬಹುದು. ಬಿಚ್ಚಿದ ಮಡ್‌ಗಾರ್ಡನ್ನು ತೂಕಕ್ಕೆ ಹಾಕಬೇಡಿ, ಅಟ್ಟದ ಮೇಲಿರಲಿ. ಮೈಸೂರಿನ ಆ ಕಾರ್ಖಾನೆಯ ಅಸಲಿ ಮಾಲು ಇನ್ನು ಬರೋದಿಲ್ಲ.